ಔಷಧಿ ಕಾಯಲ್ಲ, ನಾವು ಕಾಯ್ತಿದ್ದೀವಿ: ವಲಸಿಗರು ಮತ್ತು ಎಚ್‌ಐವಿ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಡಾ. ಸುನಿತಿ ಸೊಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದ್ದರು. ಸರ್ಕಾರದ ಉಚಿತ ಎಆರ್‌ಟಿ ಔಷಧಿ ಶುರುವಾಗಿದ್ದು 2004ರ ಏಪ್ರಿಲ್ 1ಕ್ಕೆ. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತು, ಹೈದರಾಬಾದ್ ಆಗ ಸೇರಿದ್ದ ಆಂಧ್ರವೂ ಇತ್ತು.

ಆದರೆ ಆಗ ಕಾಯಿಲೆ ಬಲಿಯದವರು ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿಯೋ ತನಕ ಸಾಮಾನ್ಯವಾಗಿ ಕಾಯಬೇಕಿತ್ತು. ಆ ಮಿತಿ ಮುಂದೆ 350, ಆಮೇಲೆ 500 ಆಯ್ತು. 2017ರಲ್ಲಿ ಮಿತಿಯನ್ನೇ ತೆಗೆದರು: ಪತ್ತೆಯಾದ ಕೂಡಲೇ ಚಿಕಿತ್ಸೆ.

ಹಾಗಾದ್ರೆ ಈಗ ತಡ ಎಲ್ಲಿ? ತಪಾಸಣೆಯಲ್ಲಿ. ಏಡ್ಸ್ ಕಾರ್ಯಕ್ರಮಗಳು ಹುಡುಕಿಕೊಂಡು ಹೋಗಿದ್ದು ಲಾರಿ ಚಾಲಕರನ್ನು, ವಲಸೆ ಕೂಲಿಗಳನ್ನು. ಮಾದಾಪುರದ ಪೀಜಿಯಲ್ಲಿರೋ ನಾವೂ ವಲಸಿಗರೇ, ಆದರೆ ಹಾಗಂದುಕೊಳ್ಳಲ್ಲ. ವೈರಸ್ ವರ್ಷಗಟ್ಟಲೆ ಲಕ್ಷಣವೇ ತೋರಿಸದೆ ಇರಬಹುದು. ಕೆಲವರಿಗೆ ಕ್ಷಯ ಬಂದ ಮೇಲೇ ಗೊತ್ತಾಗುತ್ತೆ.

ಕೆಲಸದ ಭಯವೇ? 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರೋ ಕಾನೂನಿನಂತೆ, ಕೆಲಸ ಕೊಡೋಕೆ ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಸಹಾಯವಾಣಿ 1097. ಊರಿಗೆ ಹೋದಾಗ ನೋಡೋಣ ಅಂತ ಮುಂದೂಡಬೇಡಿ, ಇಲ್ಲೇ ಮಾಡಿಸಿ.