ಫೋಲ್ಡರಿಗೆ ಊರಿನ ಹೆಸರು

ವಿಂಡೋಸ್ 98ರ ಕಾಲದಲ್ಲೂ ನಾವು ಕನ್ನಡ ಟೈಪ್ ಮಾಡುತ್ತಿದ್ದೆವು. ಬರಹ ಇತ್ತು, ನುಡಿ ಇತ್ತು. ಆದರೆ ಅದು ಫಾಂಟಿನ ವೇಷ: ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಹೊರಗೆ ಕನ್ನಡದ ರೂಪ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ವಿಚಿತ್ರ ಗುರುತು. ಫೈಲಿನ ಹೆಸರಂತೂ ಇಂಗ್ಲಿಷಿನಲ್ಲೇ.

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮಂಥವರ ಕೈಗೆ ಅದು ಬಂದದ್ದು 2001ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಜೊತೆ. 'ತುಂಗಾ' ಎಂಬ ಕನ್ನಡ ಫಾಂಟ್ ಅದರಲ್ಲೇ ಇತ್ತು. ಎಲ್ಲರೂ ನೀಲಿ ಪಟ್ಟಿ, ಹಸಿರು ಸ್ಟಾರ್ಟ್ ಬಟನ್ ನೋಡಿ ಖುಷಿಪಟ್ಟರೆ, ನಾವು ಹಾಸ್ಟೆಲ್ ಹುಡುಗರು ಕನ್ನಡ ಹುಡುಕಿದೆವು. ಕಾಣಲಿಲ್ಲ! ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ಭಾಗದಲ್ಲಿ ಒಂದು ಟಿಕ್ ಹಾಕಬೇಕಿತ್ತು. ಹಾಕಿದರೆ ಅದು ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ಸಿಡಿ ಸೀನಿಯರ್ ಹತ್ರ, ಸೀನಿಯರ್ ಊರಿಗೆ.

ಆತ ಬಂದ ಮೇಲೆ ಫೋಲ್ಡರ್ ಮಾಡಿ 'ಬೇವೂರು' ಅಂತ ಹೆಸರಿಟ್ಟೆ. "ಲೇ, ಕನ್ನಡದಾಗ ಹೆಸರು ತಗೊಂತಲ್ಲೋ!" ಅಂದ ಗೆಳೆಯ.

ಅದರೊಳಗೆ ಹಾಕಬೇಕಿದ್ದದ್ದು ಅಜ್ಜ ಹೇಳಿದ ಊರಿನ ಸಂಗತಿಗಳು, ಹಳೇ ನುಡಿ ಫೈಲು. ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡವೇ. ಆದರೆ ಯುನಿಕೋಡಿನಲ್ಲಿ 'ಬೇವೂರು' ಅಂತ ಹುಡುಕಿದರೆ ಒಂದೂ ಸಿಗದು. ಪರಿವರ್ತಕಕ್ಕೆ ಕೊಟ್ಟೆ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತವು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಂಡ ಹಾಗೇ ಕೊನೆಗೆ. ಯುನಿಕೋಡಿನಲ್ಲಿ ಉಚ್ಚರಿಸಿದ ಹಾಗೆ ಮೊದಲು. ರಜೆಯಲ್ಲಿ ಅಜ್ಜನ ಮುಂದೆ ಕೂತು ಓದಿ, ಸಾಲು ಸಾಲಾಗಿ ತಿದ್ದಿದೆ.

ಈಗ ಅಜ್ಜ ಇಲ್ಲ, ಫೈಲ್ ಇದೆ. ನಿಮ್ಮ ಮನೆಯಲ್ಲೂ ಇಂಥ ಫೈಲುಗಳಿದ್ದರೆ, ತಪ್ಪು ಹಿಡಿಯುವವರು ಇರುವಾಗಲೇ ತಿದ್ದಿಕೊಂಡುಬಿಡ್ರಿ.