ಗಣಕದ ಕೀಲಿಮಣೆಯಲ್ಲಿ ಕನ್ನಡ
(ಹಫ್ರ್ ಅಲ್ ಬಾತಿನ್‌ನ ಕನ್ನಡಿಗರ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ಊರಿನ ಯಾವ ಕಚೇರಿಗೆ ಹೋದರೂ ಗಣಕದ ಕೀಲಿಮಣೆಯ ಒಂದೊಂದು ಗುಂಡಿಯ ಮೇಲೂ ರೋಮನ್ ಅಕ್ಷರದ ಪಕ್ಕದಲ್ಲಿ ಅರಬ್ಬೀ ಅಕ್ಷರ ಕುಳಿತಿರುವುದನ್ನು ನಾವೆಲ್ಲ ಕಂಡಿದ್ದೇವೆ. ವಿಂಡೋಸ್ 10ರ ಅರಬ್ಬೀ ರೂಪದಲ್ಲಿ ‘ಸ್ಟಾರ್ಟ್’ ಗುಂಡಿ ಎಡ ಮೂಲೆಯನ್ನು ಬಿಟ್ಟು ಬಲ ಮೂಲೆಗೆ ಸರಿದಿರುತ್ತದೆ. ಬಲದಿಂದ ಎಡಕ್ಕೆ ಓದುವವರಿಗಾಗಿ ಇಡೀ ಪರದೆಯೇ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿದೆ. ನೆರೆಯ ಕುವೈತಿನ ಅಲ್ ಆಲಮಿಯಾ ಕಂಪನಿಯಂತೂ 1980ರ ದಶಕದಲ್ಲಿಯೇ ‘ಸಖ್ರ್’ ಹೆಸರಿನ ಅರಬ್ಬೀ ಗಣಕಗಳನ್ನು ಮಾರುಕಟ್ಟೆಗೆ ತಂದಿತ್ತು. ಬಳಸುವವನಿಗಾಗಿ ಯಂತ್ರವೇ ಬಗ್ಗಿದ ನಿದರ್ಶನಗಳಿವು. ಕನ್ನಡಕ್ಕಾಗಿ ಅದು ಎಂದು, ಹೇಗೆ ಬಗ್ಗಿತು ಎಂಬುದು ಇಂದಿನ ನಮ್ಮ ವಿಷಯ.

ಗಣಕವನ್ನು ಸಾಮಾನ್ಯರ ಕೈಗೆ ಒಗ್ಗಿಸುವ ಪ್ರಯತ್ನದ ಕಥೆ ಎಲ್ಲರಿಗೂ ಗೊತ್ತಿರುವಂಥದು. 1968ರಲ್ಲಿ ಎಂಗೆಲ್‌ಬಾರ್ಟ್ ಮೌಸನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ‘ಆಲ್ಟೊ’, 1984ರಲ್ಲಿ ಮ್ಯಾಕಿಂಟಾಷ್, 1995ರಲ್ಲಿ ವಿಂಡೋಸ್ 95 ಬಂದವು. ಆದರೆ ಈ ಸ್ನೇಹವೆಲ್ಲ ಮೊದಲಿಗೆ ಇಂಗ್ಲಿಷ್ ಬಲ್ಲವರೊಡನೆ ಮಾತ್ರ. ಒಂದು ಗುಂಡಿಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಆಕಾರ ಎಂಬ ನಂಬಿಕೆ ಆ ವ್ಯವಸ್ಥೆಗಳ ತಳಪಾಯದಲ್ಲಿತ್ತು. ಕಾಗುಣಿತವೂ ಒತ್ತಕ್ಷರವೂ ಉಳ್ಳ ನಮ್ಮ ಲಿಪಿ ಆ ಚೌಕಟ್ಟಿಗೆ ಒಗ್ಗುವಂಥದಲ್ಲ.

ಕನ್ನಡ ಬೆರಳಚ್ಚು ಯಂತ್ರವನ್ನು ನೆನೆಯಿರಿ. ಅಲ್ಲಿ ಗುಂಡಿಗಳ ಮೇಲಿದ್ದದ್ದು ಅಕ್ಷರಗಳಿಗಿಂತ ಹೆಚ್ಚಾಗಿ ಅಕ್ಷರದ ತುಂಡುಗಳು: ಇಲ್ಲೊಂದು ಕೊಂಬು, ಅಲ್ಲೊಂದು ಒತ್ತು. ‘ಧರ್ಮ’ ಎಂದು ಬರೆಯುವಾಗ ಬಾಯಿ ಮೊದಲು ‘ರ್’ ಎನ್ನುತ್ತದೆ, ಆಮೇಲೆ ‘ಮ’ ಎನ್ನುತ್ತದೆ. ಬೆರಳಾದರೋ ಮೊದಲು ‘ಮ’ವನ್ನು ಒತ್ತಿ ಆಮೇಲೆ ಅರ್ಕಾವೊತ್ತನ್ನು ಹಾಕಬೇಕಾಗಿತ್ತು. ಕೈ ಕಣ್ಣನ್ನು ಅನುಸರಿಸುತ್ತಿತ್ತು, ಕಿವಿಯನ್ನಲ್ಲ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಗುಮಾಸ್ತರಿಗಷ್ಟೇ ಅದು ಒಲಿಯಿತು.

1980ರ ದಶಕದಲ್ಲಿ ಭಾರತ ಸರಕಾರ ಎಲ್ಲ ಭಾರತೀಯ ಲಿಪಿಗಳಿಗೂ ಸಮಾನವಾದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವನ್ನು ರೂಪಿಸಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಶಾಸ್ತ್ರೀಯವಾದ, ಗೌರವಾರ್ಹವಾದ ಕೆಲಸ. ಆದರೆ ರೋಮನ್ ಅಕ್ಷರಗಳು ಮುದ್ರಿತವಾದ ಕೀಲಿಮಣೆಯ ಮುಂದೆ ಕುಳಿತ ಕನ್ನಡಿಗ ಅದನ್ನು ಹೊಸದಾಗಿ ಬಾಯಿಪಾಠ ಮಾಡಬೇಕಾಗಿತ್ತು.

ಈ ತೊಡಕನ್ನು ಬಿಡಿಸಿದ ಶ್ರೇಯಸ್ಸು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಬಳಿಕ ಮೊನೊಟೈಪ್ ಸಂಸ್ಥೆಯಲ್ಲಿಯೂ ದುಡಿದ ಅವರು ಗಣಿತವನ್ನೂ ಅಚ್ಚಿನ ಮೊಳೆಯನ್ನೂ ಬಲ್ಲವರು. ಅವರ ವಿನ್ಯಾಸದಲ್ಲಿ ‘ಕೆ’ ಗುಂಡಿಯನ್ನು ಒತ್ತಿದರೆ ‘ಕ’. ಶಿಫ್ಟ್ ಹಿಡಿದು ಒತ್ತಿದರೆ ‘ಖ’. ‘ಐ’ ಗುಂಡಿ ಪದದ ಮೊದಲಲ್ಲಿ ‘ಇ’ ಆಗುತ್ತದೆ, ವ್ಯಂಜನದ ಬೆನ್ನಿಗೆ ಬಂದರೆ ತಾನೇ ಗುಡಿಸಾಗುತ್ತದೆ. ‘ಎಫ್’ ಗುಂಡಿ ಅಕ್ಷರದ ಸ್ವರವನ್ನು ಕಳೆದು ಮುಂದಿನ ವ್ಯಂಜನದೊಡನೆ ಕೂಡಿಸುತ್ತದೆ. ಕೆ, ಎಫ್, ಎಕ್ಸ್ ಎಂದು ಒತ್ತಿದರೆ ‘ಕ್ಷ’ ಸಿದ್ಧ. ‘ಧರ್ಮ’ದಲ್ಲಿಯೂ ಉಚ್ಚಾರದ ಕ್ರಮವೇ ಬೆರಳಿನ ಕ್ರಮ, ಅರ್ಕಾವೊತ್ತನ್ನು ಎಲ್ಲಿ ಬರೆಯಬೇಕೆಂಬ ಚಿಂತೆ ಯಂತ್ರದ್ದು. ಇಪ್ಪತ್ತಾರು ಗುಂಡಿಗಳಲ್ಲಿ, ಶಿಫ್ಟಿನ ನೆರವಿನಿಂದ, ಇಡೀ ವರ್ಣಮಾಲೆ ಅಡಗಿತು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ರಾಯರು ಬೆಲೆಯಿಲ್ಲದೆ ಹಂಚಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ನೆಲೆಗೊಂಡು ಕರ್ನಾಟಕ ಸರಕಾರದ ಮನ್ನಣೆ ಪಡೆದ ವಿನ್ಯಾಸಕ್ಕೂ ಇದೇ ಆಧಾರ.

ಇಷ್ಟಾದರೂ ಪರದೇಶದಲ್ಲಿದ್ದ ನಮ್ಮಂಥವರ ಪಾಡು ತೀರಲಿಲ್ಲ. ಕಾರ್ಯಾಚರಣ ವ್ಯವಸ್ಥೆಗೇ ಕನ್ನಡ ತಿಳಿಯದಿದ್ದುದರಿಂದ 1990ರ ದಶಕದ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. ಬೆಂಗಳೂರಿನಿಂದ ಬಂದ ಪತ್ರವನ್ನು ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಗುಂಪು. ಆಗ, 1998ರಲ್ಲಿ, ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಉಚಿತವಾಗಿ ನೀಡಿದರು. ಇಂಗ್ಲಿಷಿನಲ್ಲಿ ಬರೆದಂತೆ ಬರೆದರೆ ಅದು ಕನ್ನಡವಾಗುತ್ತಿತ್ತು. ಹೊರನಾಡ ಕನ್ನಡಿಗರು ಅದನ್ನು ಎಷ್ಟು ಆತುರದಿಂದ ಬರಮಾಡಿಕೊಂಡರೆಂಬುದಕ್ಕೆ ಇಲ್ಲಿರುವ ಹಿರಿಯರೇ ಸಾಕ್ಷಿ.

ಮೂಲದ ಪರಿಹಾರವಾದರೋ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದ್ದರೂ ವಿಂಡೋಸ್ ಅದನ್ನು ನಡೆಸಿಕೊಟ್ಟದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಅಕ್ಷರಶೈಲಿಯೊಡನೆ. ಇಲ್ಲಿ ಒಂದು ಸ್ವಾರಸ್ಯವಿದೆ. ಎಕ್ಸ್‌ಪಿಯ ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಸಾಗುವ ಲಿಪಿಗಳಿಗೂ ಸೇರಿ ಇದ್ದದ್ದು ಒಂದೇ ಚೌಕ. ಅದಕ್ಕೆ ಗುರುತು ಹಾಕಿದರೆ ಅರಬ್ಬಿಗೂ ಕನ್ನಡಕ್ಕೂ ಒಟ್ಟಿಗೇ ಬಾಗಿಲು ತೆರೆಯುತ್ತಿತ್ತು. ಈ ಕೂಟ ಕಾಕತಾಳೀಯವಲ್ಲ. ಅರಬ್ಬೀ ಅಕ್ಷರವೂ ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ರೂಪ ಬದಲಿಸುವಂಥದು. ಅಕ್ಷರವನ್ನು ನೆನಪಿಡುವುದು ಒಂದು ಕೆಲಸ, ಅದರ ರೂಪವನ್ನು ಬರೆಯುವುದು ಇನ್ನೊಂದು ಕೆಲಸ ಎಂಬ ವಿವೇಕ ಎರಡು ಲಿಪಿಗಳನ್ನೂ ಉಳಿಸಿತು.

ಎಲ್ಲ ತೊಡಕೂ ನೀಗಿತೆನ್ನಲಾಗದು. ‘ರ‍್ಯಾಂಕ್’ ಎಂಬ ಪದದಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ತುರುಕಬೇಕು. ಈ ಗುಟ್ಟು ಬಲ್ಲವರು ವಿರಳ. ಅದಕ್ಕಿಂತ ಗಂಭೀರವಾದದ್ದು ನಮ್ಮ ಮಕ್ಕಳ ವಿಷಯ. 2019ರಿಂದ ವಿಂಡೋಸ್‌ನಲ್ಲಿಯೇ ಕನ್ನಡದ ಉಚ್ಚಾರಾನುಸಾರಿ ಕೀಲಿಮಣೆ ಇದೆ, ದೂರವಾಣಿಗಳಲ್ಲಿಯೂ ಕನ್ನಡವಿದೆ. ಆದರೂ ಇಲ್ಲಿ ಬೆಳೆದ ಮಕ್ಕಳು ಅಜ್ಜಿಗೆ ಬರೆಯುವುದು ರೋಮನ್ ಲಿಪಿಯಲ್ಲಿ. ಆ ಲಿಪಿಯಲ್ಲಿ ಬಲೆ, ಬಳೆ, ಬಾಳೆ ಮೂರಕ್ಕೂ ಸಾಮಾನ್ಯವಾಗಿ ಬೀಳುವುದು ಅವೇ ನಾಲ್ಕು ಅಕ್ಷರ. ರಾಯರ ಕೀಲಿಮಣೆಯಲ್ಲಾದರೋ ‘ಬಲೆ’ಯ ‘ಎಲ್’ ಗುಂಡಿಗೆ ಶಿಫ್ಟ್ ಸೇರಿದೊಡನೆ ‘ಬಳೆ’ ಆಗುತ್ತದೆ, ‘ಬ’ಕಾರಕ್ಕೆ ದೀರ್ಘ ಕೊಟ್ಟರೆ ‘ಬಾಳೆ’. ಕೂಟದ ಮಕ್ಕಳ ತರಗತಿಯನ್ನು ಈ ಮೂರು ಪದಗಳಿಂದಲೇ ಆರಂಭಿಸಬಹುದು. ಬೇಕಾದದ್ದು ಒಂದು ಹಳೆಯ ಗಣಕ, ವಾರಕ್ಕೊಂದು ಶುಕ್ರವಾರ.