ಹೆಸರು ಒಂದು, ಅಳತೆ ಹಲವು

ಸುದ್ದಿಯಲ್ಲಿ ಅಂಕಿಯೊಂದು ಕಂಡರೆ ನಾವು ಅದನ್ನು ಬೇಗನೆ ನಂಬುತ್ತೇವೆ. ಆದರೆ ಅಂಕಿಯ ಮುಂದಿರುವ ಮಾನದ ಅರ್ಥ ಖಚಿತವಾಗಿಲ್ಲದಿದ್ದರೆ ಆ ಅಂಕಿಯಿಂದ ಪ್ರಯೋಜನವಿಲ್ಲ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಈ ತೊಡಕು ಬಹಳ ಹಳೆಯದು.

ಬ್ರಿಟಿಷರ ಕಾಲದ ಮಣವನ್ನೇ ನೋಡೋಣ. ಮದರಾಸಿನ ಮಣ 25 ಪೌಂಡು, ಮುಂಬಯಿಯದು 28 ಪೌಂಡು, ಬಂಗಾಳದ್ದು 82 ಪೌಂಡಿಗೂ ತುಸು ಹೆಚ್ಚು. ಒಂದು ಸರಕಿನ ಧಾರಣೆ ಪೌಂಡಿಗೆ ಒಂದು ರೂಪಾಯಿ ಎಂದಿಟ್ಟುಕೊಂಡರೆ, ಮಣದ ಬೆಲೆ ಮದರಾಸಿನಲ್ಲಿ 25, ಮುಂಬಯಿಯಲ್ಲಿ 28 ರೂಪಾಯಿ. ಯಾವ ಮಣವೆಂದು ತಿಳಿಸದೆ ಎರಡನ್ನೂ ಅಚ್ಚು ಹಾಕಿದರೆ, ಮುಂಬಯಿಯಲ್ಲಿ ಲಾಭ ಹೆಚ್ಚೆಂದು ರೈತ ಭಾವಿಸುವುದು ಸಹಜ. ಹತ್ತಿಯ ಖಂಡಿಯ ಕಥೆಯೂ ಇಂಥದೇ: ಮದರಾಸಿನಲ್ಲಿ 500 ಪೌಂಡು, ಮುಂಬಯಿಯಲ್ಲಿ 784 ಪೌಂಡು. ಹತ್ತಿಯನ್ನೇ ನೆಚ್ಚಿದ ಆದವಾನಿ ಸೀಮೆಗೆ ಇದು ಸಣ್ಣ ವ್ಯತ್ಯಾಸವಲ್ಲ.

1939ರ ಕಾಯಿದೆಯು 80 ತೊಲದ ಸೇರನ್ನೂ 40 ಸೇರಿನ ಮಣವನ್ನೂ ಪ್ರಮಾಣವೆಂದು ಸಾರಿತು. 1956ರಲ್ಲಿ ಮೆಟ್ರಿಕ್ ಪದ್ಧತಿಯ ಕಾಯಿದೆ ಬಂದಿತು. 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಜಾರಿಗೊಂಡಿತು. ತಕ್ಕಡಿಯ ಗೊಂದಲ ಬಹುಮಟ್ಟಿಗೆ ತೀರಿತು. ನೀರು ಮತ್ತು ನೆಲದ ಗೊಂದಲ ಮಾತ್ರ ಉಳಿಯಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆದರೂ ತುಂಗಭದ್ರೆಯ ನೀರಿನ ಸುದ್ದಿ ಗಡಿಯ ಎರಡೂ ಕಡೆಗೆ ಪ್ರಾಣದ ಸುದ್ದಿಯೇ ಆಗಿದೆ. ಅದರಲ್ಲಿ ಎರಡು ಮಾನಗಳು ಬರುತ್ತವೆ. ಟಿಎಂಸಿ ಎಂಬುದು ನೀರಿನ ಮೊತ್ತ, ಅಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂಬುದು ಹರಿವಿನ ವೇಗ, ಸೆಕೆಂಡಿಗೆ ಒಂದು ಘನ ಅಡಿ. ‘40,000 ಕ್ಯುಸೆಕ್ ಒಳಹರಿವು’ ಎಂದಷ್ಟೇ ಬರೆದರೆ ಎಷ್ಟು ನೀರು ಬಂದಿತೆಂದು ತಿಳಿಯದು. ಆ ಹರಿವು ಒಂದು ಗಂಟೆ ಇದ್ದರೆ ಬಂದದ್ದು 0.144 ಟಿಎಂಸಿ, ಇಡೀ ದಿನ ಇದ್ದರೆ ಸುಮಾರು 3.46 ಟಿಎಂಸಿ. ‘ಜಲಾಶಯ ಭರ್ತಿ’ ಎಂಬ ಮಾತಿಗೂ ಇದೇ ಎಚ್ಚರಿಕೆ ಬೇಕು. ಅಣೆಕಟ್ಟಿನ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105. ಅಂದಿನ ಭರ್ತಿ ಇಂದಿನ ಭರ್ತಿಯಲ್ಲ.

ನೆಲದ ಲೆಕ್ಕವೂ ಗಡಿ ದಾಟಿದೊಡನೆ ಬದಲಾಗುತ್ತದೆ. ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ. ಕಾಸರಗೋಡು, ಹೊಸೂರು, ಆದವಾನಿಗಳಲ್ಲಿ ಎಕರೆಗೆ 100 ಸೆಂಟು. ಒಂದು ಗುಂಟೆ ಎಂದರೆ ಎರಡೂವರೆ ಸೆಂಟು. ಭೂಸ್ವಾಧೀನದ ಸುದ್ದಿಯಲ್ಲಿ ‘ಗುಂಟೆಗೆ ಇಷ್ಟು ಪರಿಹಾರ’ ಎಂದು ಓದಿದವರು ಅದನ್ನು ಸೆಂಟಿನ ದರವೆಂದು ಬಗೆದರೆ, ತಮ್ಮ ಹೊಲದ ಬೆಲೆಯನ್ನು ಎರಡೂವರೆ ಪಟ್ಟು ಹೆಚ್ಚಾಗಿ ಎಣಿಸಿದಂತಾಗುತ್ತದೆ.

ನಾವು ಹಳೆಯ ಮಾನಗಳನ್ನು ಹಳಿಯುವುದಿಲ್ಲ. ಸೇರು, ಕೊಳಗ, ಬಳ್ಳಗಳು ನಮ್ಮ ನುಡಿಯ ಸಂಪತ್ತು. ವರದಿಗಾರರು ಸ್ಥಳೀಯ ಮಾನದ ಜತೆಗೆ ಮೆಟ್ರಿಕ್ ಲೆಕ್ಕವನ್ನೂ, ಹರಿವಿನ ಜತೆಗೆ ಅವಧಿಯನ್ನೂ ಕೊಡಲಿ ಎಂಬುದಷ್ಟೇ ನಮ್ಮ ಬಿನ್ನಹ. ಸಂಘದ ತರುಣರು ತಮ್ಮ ಊರಿನ ಹಿರಿಯರಿಂದ ಅಲ್ಲಿಯ ಅಳತೆಗಳನ್ನು ಕೇಳಿ ಬರೆದಿಡಲಿ. ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ಇಲ್ಲವಾದರೆ ಹಳೆಯ ಪತ್ರಗಳಲ್ಲಿರುವ ಅಂಕಿಗಳನ್ನು ಮುಂದಿನವರು ಓದಬಲ್ಲರು, ಅರಿಯಲಾರರು.